ಮತ್ತೆ ಚೀಟಿಯಲ್ಲಿ ಬಂದ ಕುರ್ಚಿ

ಮಂಗಳವಾರ, ರಾತ್ರಿ

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಕ್ಷಮಿಸಬೇಕು. ಸಿಟ್ಟು ಇನ್ನೂ ಇಳಿದಿಲ್ಲ. ಮ್ಯಾನೇಜರ್ ಇವತ್ತು ದಿನವಿಡೀ ನಿಂತೇ ಕಿರುಚಿದ. ಆಫೀಸು ಗುಡಿಸಿ ಒರೆಸುವ ಈ ಕೆಲಸ ಹೋದರೆ ಮತ್ತೆ ಭಾವನ ಮುಂದೆ ಕೈಯೊಡ್ಡಬೇಕು. ಒಡ್ಡುವುದಿಲ್ಲ.

ನಾನು ಮಾಡಬೇಕಾದ ಕೆಲಸಗಳನ್ನು ಅವನು ತನ್ನ ಕಂಪ್ಯೂಟರಿನ ಮೇಲ್ ಪ್ರೋಗ್ರಾಂನಲ್ಲಿ ಬರೆದಿಡುತ್ತಾನೆ. ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಬರೆದ ಸ್ಕ್ರಿಪ್ಟ್ ಅನ್ನೋ ಪುಟ್ಟ ಪ್ರೋಗ್ರಾಂ ಅವನ್ನು ತಾನೇ ಓದಿ ದಿನಾ ಬೆಳಿಗ್ಗೆ ಚೀಟಿ ಅಚ್ಚು ಹಾಕುತ್ತದೆ. ಮುಗಿಯಿತು ಅಂತ ಗುರುತು ಹಾಕಿದ ಕೆಲಸವನ್ನೂ ಮತ್ತೆ ಅಚ್ಚು ಹಾಕುತ್ತದೆ, ಹಾಳಾದ್ದು. ಒರೆಸಿದ ಗಾಜನ್ನೇ ಎಷ್ಟು ಸಲ ಒರೆಸಿದ್ದೇನೋ.

ನಿನ್ನೆ ಧೈರ್ಯ ಮಾಡಿ, "ಸರ್, ಇದು ಆಗಿದೆ" ಅಂದೆ.

"ಚೀಟೀಲಿ ಇದೆಯಲ್ವಾ? ಮಾಡು. ನಿನ್ನ ನಾಲ್ಕನೇ ಕ್ಲಾಸಿನ ತಲೆ ಓಡಿಸ್ಬೇಡ."

ಕಂಪ್ಯೂಟರಿನವನು ಹಲ್ಲು ಕಿರಿದ. "ಮುಗಿದಿದ್ದನ್ನ ಬಿಡು ಅಂತ ಅದಕ್ಕೆ ಹೇಳೋದೇ ಮರ್ತೆ ಕಣಮ್ಮಾ. ವ್ಯಾಯಾಮ ಅಂದ್ಕೋ!"

ನಿನ್ನೆ ಚೀಟಿ ನೋಡಿಯೇ ಮ್ಯಾನೇಜರನ ಹಳೆಯ ಕುರ್ಚಿಯನ್ನು ಗುಜರಿಯವನ ಗಾಡಿಗೆ ಹಾಕಿದ್ದೆ. ಸಂಜೆ ಹೊಸದು ಬಂತು. ಇವತ್ತಿನ ಚೀಟಿಯಲ್ಲಿ ಮತ್ತೆ ಅದೇ ಸಾಲು: "ನನ್ನ ಕೋಣೆಯ ಕುರ್ಚಿ ಗುಜರಿಗೆ."

ನಾನು ತಲೆ ಓಡಿಸಲಿಲ್ಲ. ಅವನು ಬರುವ ಮೊದಲೇ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರದ ಹೊಸ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಗಾಡಿಗೆ ಹತ್ತಿಸಿದೆ. ಅದು ಇದ್ದ ಜಾಗವನ್ನು ಚೆನ್ನಾಗಿ ಗುಡಿಸಿ, ಚೀಟಿಯನ್ನು ಅಲ್ಲೇ ನೆಲದ ಮೇಲಿಟ್ಟು ಬಂದೆ.