ದೊಡ್ಡಮನೆಯ ಚಾವಣಿ ಇಳಿಸಿದ್ದು

ಇನ್ವರ್‌ಕಾಲ್ಡಿ, ಪರ್ತ್‌ಶೈರ್
ಶನಿವಾರ, ಅಕ್ಟೋಬರ್ 6, 1951

ಪ್ರೀತಿಯ ಫರ್ಗಸ್ ಅಣ್ಣಾ,

ಹೇಗಿದ್ದೀಯ? ಏಣಿಯಿಂದ ಜಾರಿ ಉಳುಕಿದ್ದ ಮಣಿಕಟ್ಟು ಸರಿಹೋಯಿತೇ? ನಾವು ಚಳಿಗೆ ಕಂಬಳಿ ತೆಗೆಯುವಾಗ ನ್ಯೂಜಿಲೆಂಡಿನಲ್ಲಿ ವಸಂತ ಎನ್ನುವುದು ನನಗೆ ಇನ್ನೂ ತಲೆಗೆ ಹೋಗುವುದಿಲ್ಲ. ಅಪ್ಪನ ಮಂಡಿನೋವು ಹಾಗೇ ಇದೆ, ಕೆಮ್ಮು ಕಡಿಮೆ. ಅಲ್ಲಿನ ಮನೆಗಳಿಗೆಲ್ಲ ತಗಡಿನ ಚಾವಣಿ ಎಂದು ನೀನು ಬರೆದದ್ದನ್ನು ಓದಿ ಹೇಳಿದೆ. "ತಗಡಾ? ಅದನ್ನ ಕೋಳಿಗೂಡಿಗೆ ಹಾಕ್ತಾರೆ. ನನ್ ಮಗ ಅಷ್ಟು ದೂರ ಹೋಗಿ ಕೋಳಿಗೂಡು ಕಟ್ತಾವ್ನಾ?" ಎಂದು ಊಟ ಮುಗಿಯುವವರೆಗೂ ಗೊಣಗಿದ.

ಇಲ್ಲಿಯ ಸುದ್ದಿ ಎಂದರೆ ದೊಡ್ಡಮನೆಯ ಚಾವಣಿ ಇಳಿಯುತ್ತಿದೆ. ಯಜಮಾನರು ಎಡಿನ್‌ಬರೋದಲ್ಲೇ ನಿಂತುಬಿಟ್ಟರು, ಇನ್ನು ಬರುವುದಿಲ್ಲವಂತೆ. ಖಾಲಿ ಬಿದ್ದಿದ್ದರೂ ಚಾವಣಿ ಇರುವ ಮನೆಗೆ ತೆರಿಗೆ ಕಟ್ಟಬೇಕು, ಚಾವಣಿ ಇಲ್ಲದಿದ್ದರೆ ಬೇಡ. ಅದಕ್ಕೇ ತೆಗೆಸುತ್ತಿದ್ದಾರೆ. ಡಂಡೀಯಿಂದ ಆಳುಗಳು ಬರುತ್ತಾರೆಂದು ತಿಳಿದಾಗ ಅಪ್ಪ ಟೋಪಿ ಕೈಯಲ್ಲಿ ಹಿಡಿದು ಎಸ್ಟೇಟಿನ ಮ್ಯಾನೇಜರ ಎದುರು ನಿಂತ. "ನಮ್ಮಜ್ಜ ಹೊದಿಸಿದ್ದು, ನಾನು ತೇಪೆ ಹಾಕಿದ್ದು. ತೆಗೆಯೋನೂ ನಾನೇ" ಎಂದ. ಚಾವಣಿ ಹೋದ ಮೇಲೆ ಹಂಚಿನ ಕೆಲಸದವನು ಎಸ್ಟೇಟಿಗೆ ಬೇಡ, ನವೆಂಬರ್ ಕೊನೆಗೆ ನಾವಿರುವ ಈ ಮನೆಯನ್ನೂ ಬಿಟ್ಟುಕೊಡಬೇಕು ಎಂದು ಅವರು ಹೇಳಿದರಂತೆ. ಅದು ಗೊತ್ತಿದ್ದೇ ಅಪ್ಪ ಒಪ್ಪಿಕೊಂಡು ಬಂದ. ಅವತ್ತಿನಿಂದ ನನಗೆ ಇನ್ನು ಮುಂದೆ ಎಲ್ಲಿರುವುದು ಎನ್ನುವುದೊಂದೇ ಯೋಚನೆ.

ಜೊತೆಗೆ ಕೆಲಸಕ್ಕೆ ಯಾರೂ ಸಿಗಲಿಲ್ಲ, ಹಾಗಾಗಿ ನಾನೇ ಹೋಗುತ್ತಿದ್ದೇನೆ. ಅಪ್ಪ ಮೇಲೆ ಕೂತು ಸ್ಲೇಟುಕಲ್ಲಿನ ಹಂಚುಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕುತ್ತಾನೆ, ನಾನು ಹಗ್ಗ ಬಿಟ್ಟು ಇಳಿಸಿಕೊಂಡು ಅಳತೆ ನೋಡಿ ಜೋಡಿಸುತ್ತೇನೆ. ಮೊದಲು ಏಣಿಯ ಅರ್ಧಕ್ಕೇ ಕಣ್ಣು ಕತ್ತಲೆ ಬರುತ್ತಿತ್ತು, ಈಗ ತುದಿಯವರೆಗೂ ಹತ್ತುತ್ತೇನೆ. ಅಲ್ಲಿಂದ ಊರು ಪೂರಾ ಕಾಣುತ್ತದೆ. ಹೊಗೆ ಏಳುವ ಮನೆಗಳು ಎಷ್ಟು ಕಡಿಮೆಯಾಗಿವೆ, ಅಣ್ಣಾ. ನನ್ನ ಓರಗೆಯ ಹುಡುಗಿಯರು ಯಾರೂ ಉಳಿದಿಲ್ಲ. ಕೆಲವು ದಿನ ಅಪ್ಪನ "ಬಿಡು", "ಹಿಡಿ" ಎರಡು ಮಾತು ಬಿಟ್ಟರೆ ನನ್ನ ಕಿವಿಗೆ ಮನುಷ್ಯರ ದನಿಯೇ ಬೀಳುವುದಿಲ್ಲ. ಹೋದ ವಾರ ಪಶ್ಚಿಮದ ಭಾಗ ಬಿಚ್ಚಿ ಮುಗಿಸಿದ ಮಧ್ಯಾಹ್ನವೇ ಜೋರು ಮಳೆ ಬಂತು. ಅಪ್ಪ "ಬಕೆಟ್ ತಾರೇ, ಬಕೆಟ್ಟು!" ಎಂದು ಕೂಗಿದ. ನಾನೂ ಆ ಮನೆಯಲ್ಲಿ ಕೆಲಸಕ್ಕಿದ್ದ ಕಾಲದಂತೆಯೇ ಓಡಿಹೋಗಿ ಎರಡು ಬಕೆಟ್ ತಂದು ಮಹಡಿ ಮೆಟ್ಟಿಲ ಕೆಳಗೆ, ಯಾವಾಗಲೂ ಸೋರುತ್ತಿದ್ದ ಜಾಗದಲ್ಲೇ ಇಟ್ಟೆ. ಆಮೇಲೆ ಇಬ್ಬರೂ ತಲೆ ಎತ್ತಿ ನೋಡಿದೆವು. ಮೇಲೆ ಬರೀ ಆಕಾಶ. ಅಪ್ಪ ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಮಳೆ ನಿಲ್ಲುವವರೆಗೂ ಅಲ್ಲೇ ನೆನೆಯುತ್ತ ನಿಂತಿದ್ದ.

ಕೂಲಿಯ ಬದಲು ಅವನು ಕೇಳಿಕೊಂಡದ್ದು ಒಡೆಯದ ಸ್ಲೇಟುಗಳನ್ನು ಮತ್ತು ಹಳೇ ಕಾಲ್ಡಿಯ ಒಂದು ಪಾಳುಮನೆಯನ್ನು. ಅದೇ, ದೊಡ್ಡಮನೆಯ ಕಿಟಕಿಗೆ ಒಲೆಹೊಗೆ ಕಾಣುತ್ತದೆಂದು ಆಗಿನ ಯಜಮಾನಿ ಊರಿಗೆ ಊರನ್ನೇ ಎಬ್ಬಿಸಿ ರಸ್ತೆಬದಿಗೆ ಕಳಿಸಿದ ಜಾಗ. ನಮ್ಮ ಮುತ್ತಜ್ಜನ ಮನೆಯ ನಾಲ್ಕು ಗೋಡೆ ಇನ್ನೂ ನಿಂತಿವೆ. ಒಳಗಿನ ತುರಿಕೆಗಿಡ ಕಿತ್ತು ಹಾಕಿದ್ದೇವೆ, ತೊಲೆ ಏರಿದೆ, ಒಂದು ಪಕ್ಕ ಸ್ಲೇಟೂ ಹೊದಿಸಿಯಾಯಿತು. ದೊಡ್ಡಮನೆಯಲ್ಲಿ ಅಡುಗೆಗಿದ್ದ ನೆಟ್ಟಿ ಅಜ್ಜಿ ಕೋಲೂರಿಕೊಂಡು ನೋಡಲು ಬಂದಿದ್ದಳು. "ಸಾಹುಕಾರನ ಟೋಪಿ ಕಿತ್ತು ಬಡವನ ತಲೆಗಿಟ್ಟೆಯಲ್ಲೋ! ಒಲೆ ಮಾತ್ರ ಚೆನ್ನಾಗಿ ಹೊಗೆಯಾಡ್ಸು, ಆ ಯಮ್ಮನ ಕಿಟಕಿಗೆ ಕಾಣ್ಲಿ" ಎಂದಳು. ಅಪ್ಪ ಬಹಳ ದಿನದ ಮೇಲೆ ನಕ್ಕ. ಇರುವ ಎರಡು ಕೋಣೆಯಲ್ಲಿ ಒಂದು ತನಗೆ, ಒಂದು ನಿನಗೆ ಎಂದು ತೋರಿಸಿದ. "ಮತ್ತೆ ಇಶ್ಬೆಲ್‌ಗೆ?" ಎಂದು ಅಜ್ಜಿ ಕೇಳಿದಳು. "ಅವಳಿಗೇನಮ್ಮಾ, ಪೇಟೆ ಹೋಟೆಲಿನೋರು ಹುಡುಗೀರ್ನ ಹುಡುಕ್ತಾವ್ರೆ. ಊಟ, ಹಾಸಿಗೆ ಎಲ್ಲಾ ಅಲ್ಲೇ" ಎಂದ. ನಾನು ಅಲ್ಲೇ ಮರಳು ಜರಡಿ ಹಿಡಿಯುತ್ತಿದ್ದೆ, ಹಿಡಿಯುತ್ತಲೇ ಇದ್ದೆ. ಅಪ್ಪನ ಎದುರು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ.

ನೀನು ಅಲ್ಲಿ ಒಂದು ಜಾಗ ನೋಡಿದ್ದೇನೆ, ಕೊಳ್ಳಬಹುದು ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. "ಹುಡುಗ್ರು ಏನೇನೋ ಬರೀತವೆ. ಅವನ ಮಂಚ ಯಾವ ಕಡೆ ಹಾಕೋಣ, ಹೇಳು" ಎಂದ. ಕಿಟಕಿ ಕಡೆ ಎಂದೆ.

ನೆಟ್ಟಿ ಅಜ್ಜಿ ನಿನಗೆ ಮುತ್ತು ಕಳಿಸಿದ್ದಾಳೆ, ನಾನು ಕೊಡಲಾರೆ, ಕೊಟ್ಟೆ ಎಂದುಕೋ. ಅಪ್ಪ ಆಶೀರ್ವಾದ ಹೇಳಿದ್ದಾನೆ. ಏಣಿ ಹತ್ತುವಾಗ ಹುಷಾರು. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಇಶ್ಬೆಲ್

ತಾ.ಕ.: ಅಂಚೆಯವನ ಸೈಕಲ್ಲು ಸೇತುವೆಯ ಹತ್ತಿರ ಬಂತು, ಬೇಗ ಬರೆಯುತ್ತೇನೆ. ನೀನು ಬಂದರೆ ನನಗಿಂತ ಸಂತೋಷ ಯಾರಿಗೂ ಆಗದು, ಇದು ನಿಜ. ಬರುವುದಿಲ್ಲವಾದರೆ ಅಪ್ಪನ ಹೆಸರಿಗೇ ಬರೆ, ನವೆಂಬರ್ ಮುಗಿಯುವ ಮೊದಲೇ ತಲುಪುವಂತೆ ಬರೆ. ಮೆತ್ತಗೆ ಬರೆಯಬೇಡ, ಮೆತ್ತಗೆ ಬರೆದರೆ ಅವನಿಗೆ "ಬರುತ್ತೇನೆ" ಎಂದೇ ಕೇಳಿಸುತ್ತದೆ. ಆ ಕೋಣೆ ನನಗೆ ಬೇಕು, ಅಣ್ಣಾ.