ರೂತ್ ಹೋದ ಐತವಾರ

ಸೆಪ್ಟೆಂಬರ್ 12, ಗುರುವಾರ. ಕಲಬುರಗಿ ದವಾಖಾನಿ

ಮುಂಜಾನಿ ಗಂಜಿ ಎರಡು ಚಮಚ. ಮೂರನೇದು ವಾಂತಿ. ಪ್ಲೇಟ್ಲೆಟ್ ಹದಿನೆಂಟು ಸಾವಿರ. ನಿನ್ನೆ ಇಪ್ಪತ್ತಾರು ಇತ್ತು. ಡೆಂಗಿ, ನೋಡೂಣು ಅಂತಾರ ಡಾಕ್ಟರ್. ರೂತ್‌ಗ ಹದಿನಾಲ್ಕು ತುಂಬಿ ಇನ್ನೂ ತಿಂಗಳಾಗಿಲ್ಲ. ನಮಗ ಅಕಿ ಒಬ್ಬಾಕಿನೇ ಮಗಳು.

ನಮ್ಮೂರು ಕಮಲಾಪುರದಿಂದ ಪಾಸ್ಟರ್ ಫೋನ್. ಸಭೆಯವರೆಲ್ಲ ಉಪವಾಸ ಹಿಡದಾರಂತ.

ಸೆಪ್ಟೆಂಬರ್ 14, ಶನಿವಾರ

ಐಸಿಯು.

ಮದುವಿ ಆಗಿ ಕಮಲಾಪುರಕ್ಕ ಬಂದಾಗಿಂದ ಒಂದು ಐತವಾರದ ಆರಾಧನೆ ತಪ್ಪಿಸಿಲ್ಲ. ನಾಳೆ ತಪ್ಪಿದ್ರ ದೇವರು ಕೈ ಬಿಡ್ತಾನ ಅನಸಾಕತ್ತದ. ಹಂಗ ಅನ್ಕೋಬಾರ್ದು, ಗೊತ್ತದ. ಆದ್ರೂ...

ನಾಳೆ ಇಲ್ಲೇ ಚರ್ಚಿಗಿ ಹೋಗಿ ಬರ್ತೀನಂತ ಇವರಿಗೆ ಹೇಳ್ದೆ. "ಮಗಳನ್ನ ಹಿಂಗ ಬಿಟ್ಟು ಹೋಗ್ತಿ?" ಅಂದ್ರು ಇವರು.

ನರ್ಸ್ ಹೀನಾ ಕೇಳಿಸ್ಕೊಂಡಳು. "ಹೋಗಿ ಬರ್ರೀ ಅಕ್ಕಾ. ನಾಳೆ ನಂದೇ ಡ್ಯೂಟಿ. ನಾನೂ ದುವಾ ಮಾಡ್ತೀನಿ."

ಸೆಪ್ಟೆಂಬರ್ 15, ಐತವಾರ

ಒಂಬತ್ತಕ್ಕ ಆಟೋ. ಇಲ್ಲಿನ ಚರ್ಚು ನನಗ ಹೊಸಾದು. ಹಿಂದಿನ ಬೆಂಚು. ಫೋನ್ ಸೈಲೆಂಟ್. ಹೊರಗ ಬಂದು ನೋಡಿದ್ರ ಇವರವು ಒಂಬತ್ತು ಮಿಸ್ಡ್ ಕಾಲ್.

ಹತ್ತೂ ನಲವತ್ತಕ್ಕ ಹೋದ್ಳಂತ.

ನಾ ಆವಾಗ ಹಾಡಾಕತ್ತಿದ್ದೆ.

ಅಕ್ಟೋಬರ್ 6, ಐತವಾರ. ಕಮಲಾಪುರ

ಚರ್ಚಿನ ಗಂಟಿ ಹೊಡೀತು. ಹೋಗಲಿಲ್ಲ. ಮೂರನೇ ಐತವಾರ ಇದು.

ಮಣ್ಣ ಮಾಡಿ ಬಂದ ದಿನ ಇವರು ಆಡಿದ್ದು ಒಂದೇ ಮಾತು. "ಕಡೀಕ 'ಅವ್ವಾ' ಅಂದ್ಳು. ನೀ ಎಲ್ಲಿದ್ದಿ?" ಅವತ್ತಿನಿಂದ ಮನ್ಯಾಗ ಮಾತಿಲ್ಲ.

ಚರ್ಚಿನ್ಯಾಗ ನನ್ನ ಬಾಜೂಕ ಕೂಡೂ ಮುದುಕಿ ದುಂಡಮ್ಮತ್ತಿ ರೊಟ್ಟಿ ತಂದಿದ್ಳು. "ಬಾ ಅಂತ ಕರ್ಯಾಕ ಬಂದಿಲ್ಲವ್ವಾ. ಉಣ್ಣು," ಅಂದ್ಳು. ಉಂಡೆ. ಅದಕ್ಕೂ ನಾಚ್ಕಿ.

ಅಕ್ಟೋಬರ್ 20, ಐತವಾರ

ಇವತ್ತ ಹೋದೆ. ಭಕ್ತಿಯಿಂದ ಅಲ್ಲ. ಮನ್ಯಾಗ ಒಬ್ಬಾಕಿ ಕುಂತ್ರ ಹಿತ್ತಲ ಬಾವಿ ಕರದಂಗ ಆಗ್ತದ.

ಹಾಡಾಕ ಬಾಯಿ ತೆರೀಲಿಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದು ಅಲ್ಲಿಗೇ ನಿಂದ್ರಿಸಿದೆ. ದುಂಡಮ್ಮತ್ತಿ ಜೋರಾಗಿ ಅಂದ್ಳು — ನನ್ನ ಪಾಲಿಂದೂ ಸೇರ್ಸಿ ಅಂದಂಗ.

ಅಕ್ಟೋಬರ್ 27, ಐತವಾರ

ಚರ್ಚಿನಿಂದ ಬಂದ್ರ ಇವರು ಕಟ್ಟಿ ಮ್ಯಾಲ ಕುಂತಿದ್ರು.

"ಇಷ್ಟಾದ್ಮ್ಯಾಲೂ ಯಾಕ ಹೋಗ್ತಿ?"

ಆರು ವಾರದಾಗ ಮೊದಲ ಮಾತು. "ಸಿಟ್ಟು ಮಾಡ್ಬೇಕಲ್ರೀ ಯಾರ ಮ್ಯಾಲರ," ಅಂದೆ. "ಅಲ್ಲಿ ಕೇಳಾವ ಅದಾನ."

 ಇವರು ನೆಲಾ ನೋಡ್ಕೋತ ಅಂದ್ರು — "ನಾನೂ ಇದ್ದಿದ್ದಿಲ್ಲ. ಚಾ ಕುಡ್ಯಾಕ ಕೆಳಗ ಇಳದಿದ್ದೆ. ಬರೂದ್ರಾಗ ಮುಗದಿತ್ತು. ಹೀನಾ ಒಬ್ಬಾಕಿನೇ ಕೈ ಹಿಡ್ಕೊಂಡು ನಿಂತಿದ್ಳು."

"ಮತ್ತ ಅವ್ವಾ ಅಂದಿದ್ದು?"

"ನಂಗ ಗೊತ್ತಿಲ್ಲ. ನಾನೇ ಹುಟ್ಟಿಸಿದ ಮಾತದು."

ಅಳು ಬರಲಿಲ್ಲ. ಹೊಡೀಬೇಕು ಅನಸ್ತು. ಆರು ವಾರ ಆ ಒಂದು ಮಾತಿಗಿ ದಿನಾ ಸತ್ತೀನಿ ನಾ.  ಒಳಗ ಹೋಗಿ ಅನ್ನಕ್ಕಿಟ್ಟೆ. ಇಬ್ಬರಿಗೂ.

ನವೆಂಬರ್ 3, ಐತವಾರ. ಮುಂಜಾನಿ ಎಂಟೂವರಿ

ಇವರು ಜಳಕಾ ಮಾಡಿ ಬಿಳಿ ಅಂಗಿ ಹಾಕ್ಕೊಂಡಾರ. "ಒಳಗ ಬರಂಗಿಲ್ಲ ನಾ. ಗೇಟಿನ ತನಕ," ಅಂತಾರ.

ಇವರಿಗೆ ಮಾಫಿ ಮಾಡಿಲ್ಲ ಇನ್ನೂ. ದೇವರಿಗೂ. ಆದ್ರ ಒಬ್ಬರೂ ಇಲ್ಲದ ಐತವಾರ ನನ್ನಿಂದ ಆಗಂಗಿಲ್ಲ. ಕರ್ಯಾಕತ್ತಾರ — ಬಂದೆ ಅಂತ ಅಂದು ಇನ್ನೂ ಬರ್ಯಾಕತ್ತೀನಿ. ಈಗ ಇವರು ಒಳಗ ಬಂದು ಕೈ ಚಾಚ್ಯಾರ. ಪೆನ್ನು ಇಡ್ತೀನಿ.