ಅಕ್ಕನ ಊರಿನ ಗಂಟೆ

ಮಾರ್ಚ್ 11, ಸೋಮವಾರ

ಮತ್ತೆ ಕತ್ತರಿಯ ಜೊತೆ ಜಟಾಪಟಿ. ಆಫೀಸಿನಲ್ಲಿ ಪಕ್ಕದ ಮೇಜಿನವನಿಗೆ ನಾನಿಟ್ಟ ಹೆಸರು. ಆ್ಯಪ್ ಕಟ್ಟುವವರಿಗೆಂದು ನಾವು ಸಾಫ್ಟ್‌ವೇರ್ ತುಂಬಿಕೊಡುವ ಡಬ್ಬಿ, ಕಂಟೇನರ್; ಅದರಿಂದ ದಿನಕ್ಕೊಂದಾದರೂ ಕತ್ತರಿಸಿ ಎಸೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಇವತ್ತು ಕಣ್ಣು ಬಿದ್ದದ್ದು ಯಾವ ದೇಶದಲ್ಲಿ ಯಾವಾಗ ಎಷ್ಟು ಗಂಟೆ ಎಂದು ಆ್ಯಪ್‌ಗಳಿಗೆ ಹೇಳುವ ನನ್ನ ಟೈಮ್‌ಝೋನ್ ಪ್ಯಾಕೇಜಿನ ಮೇಲೆ.

"ಇಡೀ ಪ್ರಪಂಚದ ಟೈಮು ಯಾರಿಗೆ ಬೇಕು ಮೇಡಂ? ಬೇಕಾದೋರು ಆಮೇಲೆ ಹಾಕ್ಕೊಳ್ತಾರೆ."

"ಒಂದ್ಸಲ ಹಾಕ್ಕೊಳ್ತಾರೆ, ಆಮೇಲೆ ಮರ್ತೇ ಹೋಗ್ತಾರೆ. ಗಡಿಯಾರದ ರೂಲ್ಸು ವರ್ಷ ವರ್ಷ ಬದಲಾಗುತ್ತಪ್ಪಾ."

ಮ್ಯಾನೇಜರ್ ಅವನ ಪರ. ಹಗುರ ಕಂಟೇನರ್‌ನಿಂದ ನನ್ನದು ಹೊರಗೆ. ಪ್ಯಾಕೇಜು ಬೇರೆಯಾಗಿ ಇರುತ್ತದೆ, ನೋಡಿಕೊಳ್ಳುವವಳು ನಾನೇ. ಸರಿ... ಅಳುವಂಥದ್ದೇನಲ್ಲ.

ಮಾರ್ಚ್ 13, ಬುಧವಾರ

ಸಂಜೆ ಆರೂವರೆಗೆ ಅಕ್ಕ. ಅವಳ ದೇಶದಲ್ಲಿ ಆಗ ನಾಲ್ಕು. ಐಸಿಯು ಒಳಗೆ ಫೋನ್ ಬಿಡುವುದಿಲ್ಲ. ನರ್ಸ್ ಟ್ಯಾಬ್ ಹಿಡಿದುಕೊಂಡು ಬರುತ್ತಾಳೆ, ಆಸ್ಪತ್ರೆಯ ಭೇಟಿ ಆ್ಯಪ್‌ನಲ್ಲಿ ಕಾಲು ಗಂಟೆ. ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಶನಿವಾರ ರಜ.

ಮೂಗಿಗೆ ನಳಿಕೆ. ಮಾತಿಗಿಂತ ಉಸಿರೇ ಹೆಚ್ಚು. ಶ್ವಾಸಕೋಶ ಹೇಳಿದ ಮಾತು ಕೇಳುತ್ತಿಲ್ಲವಂತೆ. ಆದರೂ ಚೇಷ್ಟೆ ಬಿಟ್ಟಿಲ್ಲ. ನನ್ನ ಕೆಲಸ ಏನೆಂದು ನರ್ಸ್ ಕೇಳಿದಳಂತೆ.

"ನನ್ನ ತಂಗಿ ಗಡಿಯಾರಗಳಿಗೆ ಬುತ್ತಿ ಕಟ್ಟಿ ಕೊಡ್ತಾಳೆ ಅಂದೆ ಕಣೇ. ನಂಬಿಬಿಟ್ಲು."

ಮುಂದಿನ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರಕ್ಕೆ ನನ್ನ ಟಿಕೆಟ್. ವೀಸಾ ಅದಕ್ಕಿಂತ ಮೊದಲು ಕೈಗೆ ಬರುವುದಿಲ್ಲ.

ಮಾರ್ಚ್ 20, ಬುಧವಾರ

ಬೆಳಗ್ಗೆ ಸುದ್ದಿ. ಅಕ್ಕನ ದೇಶದ ಸರ್ಕಾರ ಪ್ರತಿ ಬೇಸಿಗೆಗೂ ಮಾಡುವಂತೆ ಈ ವರ್ಷ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದಿಲ್ಲವಂತೆ. ಭಾನುವಾರ ಮಾಡಬೇಕಿತ್ತು. ನಾಲ್ಕು ದಿನ ಇರುವಾಗ ಹೇಳುತ್ತಾರೆ ಮಹಾನುಭಾವರು!

ಊಟಕ್ಕೂ ಏಳಲಿಲ್ಲ. ಹೊಸ ನಿಯಮ ಸೇರಿಸಿದೆ, ಪರೀಕ್ಷಿಸಿದೆ, ಸಂಜೆಯೊಳಗೆ ಬಿಡುಗಡೆ. ಕತ್ತರಿಯೇ ಕೂತು ತಪ್ಪು ಹುಡುಕಿಕೊಟ್ಟ. ಕೆಟ್ಟವನಲ್ಲ.

ಅಕ್ಕನಿಗೆ ಹೇಳಿದೆ — "ನಿಮ್ಮೂರಿನ ಗಂಟೆ ಇವತ್ತು ನನ್ನ ಕೈಯಲ್ಲಿತ್ತು ಗೊತ್ತಾ." ನಕ್ಕಳು. ನಗು ಕೆಮ್ಮಾಯಿತು. ನರ್ಸ್ ಟ್ಯಾಬ್ ತಿರುಗಿಸಿಬಿಟ್ಟಳು. ಉಳಿದ ಹೊತ್ತು ಗೋಡೆ ನೋಡಿದೆ.

ಮಾರ್ಚ್ 22, ಶುಕ್ರವಾರ

ಅಕ್ಕ ಇಳಿದುಹೋಗಿದ್ದಾಳೆ. ಆದರೆ ತಲೆಯಲ್ಲಿ ಒಂದೇ ಹುಳ.

"ನಾವು ಚಿಕ್ಕೋರಿದ್ದಾಗ ಪಕ್ಕದ ಮನೇಲಿ ಒಂದು ದಪ್ಪ ಬೆಕ್ಕಿತ್ತಲ್ಲ... ಕಾಂಪೌಂಡ್ ಮೇಲೆ ಠೀವೀಲಿ ಕೂರ್ತಿತ್ತು. ಏನಂತ ಕರೀತಿದ್ವಿ ಅದನ್ನ?"

ನನಗೂ ಹೊಳೆಯಲಿಲ್ಲ. ಇಬ್ಬರೂ ಏನೇನೋ ಹೇಳಿ ನೋಡಿದೆವು. ಯಾವುದೂ ಅಲ್ಲ.

"ನೆನಪಾದ್ರೆ ಭಾವನ ಹತ್ರ ಹೇಳಿ ಕಳಿಸ್ತೀನಿ."

"ಬೇಡ. ನೀನೇ ಹೇಳು. ಹೇಳುವಾಗ ನಿನ್ನ ಮುಖ ನೋಡ್ಬೇಕು ನಾನು."

ಮಾರ್ಚ್ 24, ಭಾನುವಾರ

ಬೆಳಗ್ಗೆ ಬಟ್ಟೆ ಒಣಗಿಸುವಾಗ ಹೊಳೆಯಿತು. ದಿವಾನರು! ದಿವಾನರು ಬಂದರು, ದಾರಿ ಬಿಡಿ ಅನ್ನುತ್ತಿದ್ದೆವು. ಒಬ್ಬಳೇ ನಕ್ಕೆ. ದಿನವೆಲ್ಲ ಸಂಜೆಗಾಗಿ ಕಾದೆ. ಐದೂವರೆಯ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡೆ, ಅವಳಿಗೆ ನಾನು ನೀಟಾಗಿ ಕಾಣಬೇಕು. ಫೋನ್ ಒಳಗೆ ಚಾರ್ಜಿಗಿತ್ತು.

ಆರೂಕಾಲಿಗೆ ಬಂದು ಕೂತು ನೋಡಿದರೆ: ನಿಮ್ಮ ಇಂದಿನ ಭೇಟಿ ಮುಗಿದಿದೆ.

ತಕ್ಷಣ ತಿಳಿಯಿತು. ಆ ಆ್ಯಪ್‌ನ ಒಳಗೆ ಹಳೆಯ ನಿಯಮ. ಅಲ್ಲಿ ಗಡಿಯಾರ ಮುಂದೆ ಹೋಗಿದೆ ಎಂದುಕೊಂಡು ಒಂದು ಗಂಟೆ ಮೊದಲೇ ತೆರೆದು ಮುಚ್ಚಿದೆ. ಲೋಕದಲ್ಲಿ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ. ತಿಳಿದು ಏನು ಮಾಡಲಿ? ಆ್ಯಪ್‌ನವರ ನಂಬರಿಗೆ ಫೋನ್ ಮಾಡಿದೆ, ಭಾನುವಾರ ರಜ. ಆಸ್ಪತ್ರೆಯವರು ಹೋಲ್ಡಿನಲ್ಲಿಟ್ಟು ಸಂಗೀತ ಕೇಳಿಸಿದರು. ಭಾವನ ಫೋನ್ ಐಸಿಯು ಬಾಗಿಲಲ್ಲಿ ಇಟ್ಟುಕೊಂಡಿರುತ್ತಾರೆ.

ಏಳರ ಹತ್ತಿರ ಭಾವನೇ ಮಾಡಿದರು.

"ಏನಮ್ಮ, ನಾಲ್ಕು ಗಂಟೆಗೆ ಸರಿಯಾಗಿ ಟ್ಯಾಬ್ ತಂದ್ರು. ಆಗ್ಲೇ ಮುಗೀತು ಅಂತ ತೋರಿಸ್ತು. ಇವಳು ದಿಂಬು ಎತ್ತರ ಮಾಡಿಸ್ಕೊಂಡು ಕೂತಿದ್ಲು. ಅವಳು ತಪ್ಪಿಸೋಳಲ್ಲ, ಬರ್ತಾಳೆ ಇರಿ ಅಂತ ನರ್ಸಿಗೂ ಹೋಗೋಕೆ ಬಿಡ್ಲಿಲ್ಲ."

"ಭಾವ, ಬೆಕ್ಕಿನ ಹೆಸರು—"

"ಈಗ ನಿದ್ದೆ ಹತ್ತಿದೆ ಕಣಮ್ಮ. ನಾಳೆ ನೀನೇ ಹೇಳು. ಅದೇ ಅವಳಿಗಿಷ್ಟ."

ನಾವಿಬ್ಬರೂ ಸರಿಯಾದ ಹೊತ್ತಿಗೇ ಕೂತಿದ್ದೆವು.

ಮಾರ್ಚ್ 25, ಸೋಮವಾರ

ಬೆಳಗಿನ ಜಾವ. ನಿದ್ದೆಯಲ್ಲೇ, ಎಂದರು ಭಾವ.

ಏಪ್ರಿಲ್ 9, ಮಂಗಳವಾರ

ಅದೇ ಟಿಕೆಟ್‌ನಲ್ಲಿ ಹೋಗಿ ಬಂದೆ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಅಕ್ಕನ ಸ್ವೆಟರ್ ಕೊಟ್ಟರು. ತೋಳು ಉದ್ದ. ಅವರಿಗೆ ದಿವಾನರ ಕಥೆ ಹೇಳಿದೆ. ಹೂಂ ಹೂಂ ಎಂದು ಕೇಳಿದರು, ಪಾಪ. ಅದು ಅವರಿಗೆ ನಗು ಬರುವ ಕಥೆಯಲ್ಲ. ಆ ಕಾಂಪೌಂಡ್ ಕಂಡವರು ಇನ್ನು ನಾನೊಬ್ಬಳೇ.

ಇಂದು ಆಫೀಸು. ಕತ್ತರಿ ನನ್ನ ಕುರ್ಚಿಯ ಧೂಳು ಒರೆಸಿಟ್ಟಿದ್ದ.

ಏಪ್ರಿಲ್ 18, ಗುರುವಾರ

ಒಂದು ಪ್ರಶ್ನೆ ಬಂದಿದೆ, ನನ್ನ ಪ್ಯಾಕೇಜಿನ ಪುಟಕ್ಕೆ. ಅದೇ ಭೇಟಿ ಆ್ಯಪ್‌ನವರು. ನಮ್ಮ ಹಗುರ ಕಂಟೇನರ್‌ನ ಹಳೆಯ ಪ್ರತಿಯೊಂದನ್ನು, ನನ್ನ ಹಳೆಯ ನಿಯಮಗಳು ಇನ್ನೂ ಒಳಗಿದ್ದದ್ದನ್ನು, ಅವರು ಬಹಳ ಕಾಲದಿಂದ ಮುಟ್ಟದೆ ಬಳಸುತ್ತಿದ್ದರಂತೆ. ಹೊಸ ಟೈಮ್‌ಝೋನ್ ಹಾಕುವುದು ಹೇಗೆ? ಹೆಚ್ಚಿನ ತೊಂದರೆಯೇನೂ ಆಗಿಲ್ಲ, ಕೆಲವು ಕರೆಗಳು ತಪ್ಪಿದವು ಅಷ್ಟೆ, ಎಂದು ಬರೆದಿದ್ದಾರೆ.

ಅಷ್ಟೆ.

ಒಂದು ಉತ್ತರ ಬರೆದೆ. ಉದ್ದ. ಅಳಿಸಿದೆ. ಇನ್ನೊಂದು. ಅದನ್ನೂ ಅಳಿಸಿದೆ. ಕತ್ತರಿ ಹಿಂದೆ ನಿಂತಿದ್ದನೆಂದು ಗೊತ್ತೇ ಆಗಲಿಲ್ಲ.

"ಬಿಡಿ ಮೇಡಂ, ನಾನ್ ಬರೀತೀನಿ."

"ಬೇಡಪ್ಪ. ನನ್ನ ಪ್ಯಾಕೇಜು."

ಕೊನೆಗೆ ಬರೆದದ್ದು ಇಷ್ಟು: ಹೊಸ ಪ್ಯಾಕೇಜನ್ನು ಹೀಗೆ ಸೇರಿಸಿ, ಪ್ರತಿ ಸಲ ಕಂಟೇನರ್ ಕಟ್ಟುವಾಗ ಹೊಸದನ್ನೇ ತರುವಂತೆ ಹೀಗೆ ಮಾಡಿ. ಅವರ ಫೈಲ್ ತರಿಸಿಕೊಂಡು ನಾನೇ ಓಡಿಸಿ ನೋಡಿ ಕಳಿಸಿದೆ. ಮನೆಯ ಸುದ್ದಿ ಒಂದಕ್ಷರ ಬರೆಯಲಿಲ್ಲ. ಬರೆದರೆ ಆ ಕಡೆ ಕೂತ ಯಾರೋ ಒಬ್ಬರು ಜೀವಮಾನವಿಡೀ ಹೊತ್ತುಕೊಂಡು ತಿರುಗುತ್ತಾರೆ. ಅವರಿಗೂ ಅಕ್ಕ-ತಂಗಿ ಇದ್ದಾರು.

ಏಪ್ರಿಲ್ 19, ಶುಕ್ರವಾರ, ಸಂಜೆ

ಉತ್ತರ ಬಂತು. ಎಲ್ಲ ಸರಿಯಾಯಿತಂತೆ. ಇವತ್ತು ಒಬ್ಬ ಅಜ್ಜ ಮೊಮ್ಮಗಳ ಮುಖ ನೋಡಿದರಂತೆ, ಹೊತ್ತಿಗೆ ಸರಿಯಾಗಿ. ಹೇಳಬೇಕೆನಿಸಿತು, ಎಂದು ಬರೆದಿದ್ದಾರೆ.

ಓದಿದೆ. ಸಂತೋಷವಾಯಿತು. ಸುಳ್ಳಲ್ಲ, ನಿಜವಾಗಿಯೂ ಆಯಿತು. ಮೊಮ್ಮಗಳು ಏನು ಹೇಳಿರಬಹುದು ಅಂತ ಯೋಚಿಸುತ್ತ ಕೂತೆ, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅಂದುಬಿಟ್ಟೆ, ದಿವಾನರು ಕಣೇ ಅಕ್ಕ.